ಚಳಿಯಿಲ್ಲದ ಊರಿನ ಚಳಿಯಂಗಿ

ಮದ್ರಾಸಿನಲ್ಲಿ ಇರುವುದು ಮೂರೇ ಕಾಲ: ಸೆಕೆ, ಇನ್ನೂ ಸೆಕೆ, ತಡೆಯಲಾರದ ಸೆಕೆ. ಈ ಹಳೆಯ ತಮಾಷೆ ಇಲ್ಲಿಗೆ ಬಂದು ನೆಲೆಸಿದ ಪ್ರತಿಯೊಬ್ಬ ಕನ್ನಡಿಗನ ಕಿವಿಗೂ ಬಿದ್ದಿರುತ್ತದೆ. ಧನುರ್ಮಾಸದ ನಸುಕಿನಲ್ಲೂ ಇಲ್ಲಿ ತಾಪಮಾನ 20 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಅಷ್ಟಕ್ಕೇ ಮೈಲಾಪುರದ ಹಿರಿಯರು ಕಿವಿಗೆ ಮಫ್ಲರ್ ಸುತ್ತಿಕೊಂಡು ವಾಕಿಂಗ್ ಹೊರಟರೆ, ಮಡಿಕೇರಿ, ಚಿಕ್ಕಮಗಳೂರು ಕಡೆಯಿಂದ ಬಂದವರಿಗೆ ಒಳಗೊಳಗೇ ನಗು. ಇಂಥ ಊರಿನಲ್ಲಿ ಬೈಕ್ ಸವಾರರ ಚಳಿಯುಡುಪಿನ ಚರಿತ್ರೆ ಹುಡುಕುತ್ತೇನೆಂದರೆ ಯಾರಾದರೂ ಹುಬ್ಬೇರಿಸಿಯಾರು.

ಆದರೂ ಹುಡುಕಿದರೆ ಸಿಗುತ್ತದೆ. ಸವಾರನ ಅಂಗಿಗೆ ಬೇಕಾದ ತೊಗಲನ್ನು ಹೊಸ ರೀತಿಯಲ್ಲಿ ಹದ ಮಾಡುವ ವಿದ್ಯೆ ದಕ್ಷಿಣ ಭಾರತದಲ್ಲಿ ಬೇರೂರಿದ್ದು ಇಲ್ಲಿ. ಹಿಮಾಲಯದ ಕಣಿವೆಗಳನ್ನು ಹತ್ತುವ ಬೈಕು ತಯಾರಾಗುವುದೂ ಇಲ್ಲೇ. ಚಳಿ ತಡೆಯುವುದು ಒಂದು ಕೆಲಸ, ಬಿದ್ದಾಗ ಮೈ ಕಾಯುವುದು ಇನ್ನೊಂದು. ಎರಡನ್ನೂ ಮಾಡಬಲ್ಲ ಅಂಗಿಗೆ ಬೇಕಾದ ತೊಗಲೂ, ಅದು ಬೇಕಾದ ಸವಾರನೂ ಒಂದೇ ಊರಿನಲ್ಲಿದ್ದರು. ಅಂಗಿ ಮಾತ್ರ ಬಹುಕಾಲ ಅವನ ಮೈಗೆ ಬರಲಿಲ್ಲ. ಯಾಕೆ ಬರಲಿಲ್ಲ ಎಂದು ತಿಳಿದರೆ, ಇವತ್ತು ಅಂಗಡಿಗೆ ಹೋಗಿ ಯಾವುದನ್ನು ಆರಿಸಬೇಕು ಎಂಬುದೂ ಅರ್ಧ ತಿಳಿದಂತೆಯೇ.

ಕಥೆ ಶುರುವಾಗುವುದು ತಂಗಡಿ ಗಿಡದಿಂದ. ನಮ್ಮ ಬಯಲುಸೀಮೆಯ ರಸ್ತೆಬದಿಯಲ್ಲಿ ಹಳದಿ ಹೂ ಬಿಟ್ಟು ನಿಲ್ಲುವ ಇದನ್ನು ತಮಿಳರು ಆವಾರಂ ಎನ್ನುತ್ತಾರೆ. ಇದರ ತೊಗಟೆಯ ಒಗರಿನಲ್ಲಿ ತೊಗಲನ್ನು ವಾರಗಟ್ಟಲೆ ನೆನೆಸಿ ಹದ ಮಾಡುವುದು ಈ ಸೀಮೆಯ ಹಳೆಯ ಪದ್ಧತಿ. ಹಾಗೆ ಹದವಾದ ದನದ ತೊಗಲು 'ಈಸ್ಟ್ ಇಂಡಿಯಾ ಕಿಪ್' ಎಂಬ ಹೆಸರಿನಲ್ಲಿ ಮದ್ರಾಸ್ ಬಂದರಿನಿಂದ ಲಂಡನ್ನಿನ ಹರಾಜುಕಟ್ಟೆಗೆ ಹೋಗುತ್ತಿತ್ತು. ಮೊದಲ ಮಹಾಯುದ್ಧ ಬಂದಾಗ ಸರ್ಕಾರ ಈ ವ್ಯಾಪಾರವನ್ನೇ ತನ್ನ ಹತೋಟಿಗೆ ತೆಗೆದುಕೊಂಡಿತು. ಬ್ರಿಟಿಷ್ ಸೈನಿಕರ ಬೂಟಿನ ಮೇಲ್ಭಾಗಕ್ಕೆ ಆ ತೊಗಲು ಬೇಕಾಗಿತ್ತು. ಮದ್ರಾಸಿನ ತೊಗಲು ದೂರದ ಚಳಿಯೂರಿನವರ ಮೈ ಸೇರುವ ರೂಢಿ ಅಷ್ಟು ಹಳೆಯದು.

ತೊಗಟೆಯ ಜಾಗಕ್ಕೆ ಕ್ರೋಮ್ ಬಂದದ್ದು ಆಲ್ಫ್ರೆಡ್ ಚಾಟರ್ಟನ್ ಎಂಬ ಎಂಜಿನಿಯರಿಂಗ್ ಪ್ರಾಧ್ಯಾಪಕನಿಂದ. ಕ್ರೋಮಿಯಂ ಲವಣದಲ್ಲಿ ತೊಗಲು ಹದ ಮಾಡುವ ವಿಧಾನಕ್ಕೆ ಅಮೆರಿಕದಲ್ಲಿ ಆಗಸ್ಟಸ್ ಶುಲ್ಟ್ಸ್ 1884ರಲ್ಲಿ ಪೇಟೆಂಟ್ ಪಡೆದಿದ್ದ. ವಾರಗಳ ಕೆಲಸ ದಿನಗಳಿಗೆ ಇಳಿಯಿತು. ತೊಗಲು ಮೆತ್ತಗಾಯಿತು, ನೀರಿಗೂ ಬಿಸಿಗೂ ಜಗ್ಗದಾಯಿತು. ಚಾಟರ್ಟನ್ ಸುಮಾರು 1903ರಲ್ಲಿ ಮದ್ರಾಸಿನಲ್ಲಿ ಇದರ ಪ್ರಯೋಗ ಶುರುಮಾಡಿದಾಗ ಅವನ ಕಣ್ಣ ಮುಂದಿದ್ದದ್ದು ಬೈಕ್ ಸವಾರನಲ್ಲ, ರೈತ. ಕಪಿಲೆ ಹೊಡೆಯುವಾಗ ಬಾವಿಗೆ ಇಳಿದು ಏರುವ ತೊಗಲಿನ ಚೀಲ ಬೇಗ ಕೊಳೆಯುತ್ತಿತ್ತು. ಕ್ರೋಮ್ ತೊಗಲಿನದಾದರೆ ಹೆಚ್ಚು ಬಾಳಿಕೆ ಬಂದೀತು ಎಂಬುದು ಅವನ ಲೆಕ್ಕ. ಸರ್ಕಾರವೇ ಕಾರ್ಖಾನೆ ನಡೆಸುವುದು ಖಾಸಗಿ ವರ್ತಕರಿಗೆ ಹಿಡಿಸಲಿಲ್ಲ. ಲಂಡನ್ನಿನಲ್ಲಿದ್ದ ಭಾರತ ಮಂತ್ರಿ ಮಾರ್ಲೆಯ ಆಕ್ಷೇಪ ಬಂತು, ಟ್ಯಾನರಿ ರೇವಾ ಸಂಸ್ಥಾನಕ್ಕೆ ಮಾರಾಟವಾಯಿತು. ಮುಂದೆ ಇದೇ ಚಾಟರ್ಟನ್ ಮೈಸೂರಿಗೆ ಬಂದು, ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲದಲ್ಲಿ ನಮ್ಮ ಸಂಸ್ಥಾನದ ಕೈಗಾರಿಕಾ ಇಲಾಖೆಯನ್ನು ನಡೆಸಿದ. ಇತ್ತ ಮದ್ರಾಸಿನಲ್ಲಿ ಚೇಂಬರ್ಸ್ ಎಂಬ ಉದ್ಯಮಿ ಪಲ್ಲಾವರಂ ಹತ್ತಿರ ಕ್ರೋಮ್ ಲೆದರ್ ಕಂಪನಿ ಕಟ್ಟಿದ. ಇವತ್ತು ಲೋಕಲ್ ರೈಲಿನಲ್ಲಿ 'ಕ್ರೋಮ್‌ಪೇಟೆ' ಎಂಬ ಘೋಷಣೆ ಕೇಳುವಾಗ ನಮ್ಮ ಕಿವಿಗೆ ಬೀಳುವುದು ಆ ಲವಣದ ಹೆಸರೇ.

ಅಷ್ಟರಲ್ಲಿ ತಣ್ಣನೆಯ ದೇಶಗಳಲ್ಲಿ ಸವಾರರು ತಮ್ಮದೇ ಉಡುಪು ಹುಡುಕಿಕೊಳ್ಳುತ್ತಿದ್ದರು. ಮೊದಮೊದಲು ತೊಟ್ಟದ್ದೆಲ್ಲ ಎರವಲು: ಕುದುರೆ ಸವಾರರ ಚಲ್ಲಣ, ವಿಮಾನ ಚಾಲಕರ ತೊಗಲಿನ ಕೋಟು. 1928ರಲ್ಲಿ ನ್ಯೂಯಾರ್ಕಿನ ಅರ್ವಿಂಗ್ ಶಾಟ್ 'ಪರ್ಫೆಕ್ಟೋ' ಎಂಬ ಜಾಕೆಟ್ ಹೊಲಿದ. ಬೆಲೆ ಐದೂವರೆ ಡಾಲರ್. ಎದೆಯ ಮೇಲೆ ಒಂದು ಮಗ್ಗುಲು ಇನ್ನೊಂದರ ಮೇಲೆ ಬಂದು, ಓರೆಯಾದ ಜಿಪ್ ಬಿಗಿಯಾಗಿ ಮುಚ್ಚುತ್ತಿದ್ದುದರಿಂದ ಗಾಳಿ ಒಳಗೆ ನುಗ್ಗುತ್ತಿರಲಿಲ್ಲ. ಇಂಗ್ಲೆಂಡಿನಲ್ಲಿ ಮಳೆಯೇ ದೊಡ್ಡ ಶತ್ರು. ಅಲ್ಲಿ ಬಾರ್ಬರ್ ಕಂಪನಿ 1936ರಲ್ಲಿ ಮೇಣ ಹಚ್ಚಿದ ಹತ್ತಿಬಟ್ಟೆಯ ಸವಾರಿ ಅಂಗಿ ತಂದಿತು. ಗಮನಿಸಬೇಕಾದದ್ದು, ಈ ಎಲ್ಲದರ ಮೊದಲ ಗುರಿ ಗಾಳಿ, ಮಳೆ ಮತ್ತು ಚಳಿ. ಡಾಂಬರಿನ ಮೇಲೆ ಜಾರುವಾಗ ತೊಗಲು ಮೈಚರ್ಮವನ್ನು ಉಳಿಸುತ್ತದೆ ಎಂಬುದು ಬಿದ್ದು ಎದ್ದವರು ಕಲಿತ ಪಾಠ. ತಲೆಯ ವಿಷಯದಲ್ಲಿ ಪಾಠ ಕಲಿಸಿದ್ದು ಲಾರೆನ್ಸ್ ಆಫ್ ಅರೇಬಿಯಾ ಎಂದೇ ಹೆಸರಾದ ಟಿ. ಇ. ಲಾರೆನ್ಸನ ಸಾವು. 1935ರಲ್ಲಿ ಬೈಕಿನಿಂದ ಬಿದ್ದ ಅವನ ಆರೈಕೆಗೆ ನಿಂತವರಲ್ಲಿ ಹ್ಯೂ ಕೇರ್ನ್ಸ್ ಎಂಬ ನರಶಸ್ತ್ರವೈದ್ಯನೂ ಇದ್ದ. ಆತ 1941ರಲ್ಲಿ ಸೇನೆಯ ಬೈಕ್ ಸವಾರರ ತಲೆಗಾಯಗಳ ಬಗ್ಗೆ ಬರೆದ ಅಧ್ಯಯನವೇ ಹೆಲ್ಮೆಟ್ಟಿನ ಪರವಾದ ಮೊದಲ ಗಟ್ಟಿ ಸಾಕ್ಷ್ಯ.

ಮದ್ರಾಸಿಗೆ ಬೈಕ್ ತಯಾರಿಕೆ ಬಂದದ್ದು ಸ್ವಾತಂತ್ರ್ಯದ ನಂತರ. ಗಡಿ ಗಸ್ತಿಗೆ ಗಟ್ಟಿ ಗಾಡಿ ಬೇಕೆಂದು ಭಾರತೀಯ ಸೇನೆ 350 ಸಿಸಿ ಬುಲೆಟ್ಟನ್ನು ಆರಿಸಿತು. ಇಂಗ್ಲೆಂಡಿನ ರೆಡಿಚ್‌ನ ಕಂಪನಿಯೂ ಇಲ್ಲಿನ ಮದ್ರಾಸ್ ಮೋಟರ್ಸೂ ಸೇರಿ 1955ರಲ್ಲಿ ಎನ್‌ಫೀಲ್ಡ್ ಇಂಡಿಯಾ ಕಟ್ಟಿದವು. ಕಾರ್ಖಾನೆ ಎದ್ದದ್ದು ತಿರುವೊಟ್ಟಿಯೂರಿನಲ್ಲಿ, ಸಮುದ್ರದ ಬಿಸಿಗಾಳಿ ಬೀಸುವ ಕಡೆ. ರೆಡಿಚ್‌ನ ಮೂಲ ಕಂಪನಿ ಮುಚ್ಚಿಹೋದ ಮೇಲೂ ಇದು ಉಳಿಯಿತು. 1977ರಲ್ಲಿ ಇಲ್ಲಿಂದ ಇಂಗ್ಲೆಂಡಿಗೇ ಬುಲೆಟ್ ರಫ್ತಾಗತೊಡಗಿತು. ಬೆವರು ಸುರಿಸಿ ಜೋಡಿಸಿದ ಬೈಕು ಹೋಗಿ ನಿಲ್ಲುತ್ತಿದ್ದದ್ದು ಹಿಮ ಬೀಳುವ ನೆಲದಲ್ಲಿ.

ಗಡಿಯ ಸೈನಿಕನಿಗೆ ಬೆಚ್ಚನೆಯ ಕೋಟು ಕೊಡಲು ಸರ್ಕಾರವಿತ್ತು. ಊರಿನ ಸವಾರನಿಗೆ ಯಾರಿದ್ದರು? ಬುಲೆಟ್ಟಾಗಲಿ, 1961ರಿಂದ ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಜಾವಾ, ಆಮೇಲಿನ ಯೆಜ್ಡಿಯಾಗಲಿ, ಅವುಗಳೊಂದಿಗೆ ಸವಾರಿಯ ಉಡುಪು ಎಂಬ ಕಲ್ಪನೆ ಬರಲಿಲ್ಲ. ಬೈಕು ಕೊಳ್ಳುವುದೇ ಮಹಾ ಸಂಗತಿಯಾಗಿದ್ದ ಕಾಲ ಅದು. ಮದುವೆಯ ಸ್ವೆಟರ್, ತಲೆಗೊಂದು ಮಂಕಿ ಕ್ಯಾಪ್, ಅಂಗಿಯೊಳಗೆ ಎದೆಗೆ ಅಡ್ಡವಾಗಿ ಮಡಚಿಟ್ಟ ದಿನಪತ್ರಿಕೆ: ನಮ್ಮ ಹಿಂದಿನ ತಲೆಮಾರಿನ ಚಳಿಯುಡುಪು ಇಷ್ಟೇ.

ಆ ದಿನಪತ್ರಿಕೆಯನ್ನು ಕಂಡು ನಗಬೇಕಿಲ್ಲ. ಸವಾರನನ್ನು ನಡುಗಿಸುವುದು ತಾಪಮಾನಕ್ಕಿಂತ ಹೆಚ್ಚಾಗಿ ಗಾಳಿ. ಮೈ ತನ್ನ ಸುತ್ತ ಬೆಚ್ಚಗಾಗಿಸಿಕೊಂಡ ತೆಳುವಾದ ಗಾಳಿಪದರವನ್ನು ವೇಗ ಕಿತ್ತೊಯ್ಯುತ್ತದೆ. 1940ರ ದಶಕದಲ್ಲಿ ಪಾಲ್ ಸೈಪಲ್, ಚಾರ್ಲ್ಸ್ ಪ್ಯಾಸೆಲ್ ಎಂಬಿಬ್ಬರು ಅಂಟಾರ್ಕ್ಟಿಕದಲ್ಲಿ ನೀರು ಹೆಪ್ಪುಗಟ್ಟಲು ಹಿಡಿಯುವ ಸಮಯ ಅಳೆದು ಇದನ್ನು ಲೆಕ್ಕಕ್ಕೆ ಇಳಿಸಿದರು. ಇವತ್ತು ಬಳಕೆಯಲ್ಲಿರುವ ಸೂತ್ರದ ಪ್ರಕಾರ 10 ಡಿಗ್ರಿಯಲ್ಲಿ ಗಂಟೆಗೆ 60 ಕಿಲೋಮೀಟರ್ ಗಾಳಿ ಮುಖಕ್ಕೆ ಬಡಿದರೆ ಮೈಗೆ ಅನಿಸುವುದು 5 ಡಿಗ್ರಿ. 5 ಡಿಗ್ರಿಯಲ್ಲಾದರೆ ಸೊನ್ನೆಗಿಂತ 2 ಡಿಗ್ರಿ ಕೆಳಗೆ. ಊಟಿ ಇರುವುದು ಸುಮಾರು 2,240 ಮೀಟರ್ ಎತ್ತರದಲ್ಲಿ. ಸಾವಿರ ಮೀಟರ್ ಏರಿದರೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. 20 ಡಿಗ್ರಿಯ ಮದ್ರಾಸಿನಿಂದ ಟೀ ಶರ್ಟಿನಲ್ಲಿ ಹೊರಟವನು ಮಾರನೆಯ ನಸುಕಿನಲ್ಲಿ ಊಟಿಯ ರಸ್ತೆಯಲ್ಲಿ ಹೆಪ್ಪುಗಟ್ಟಿಸುವ ಗಾಳಿಯ ಎದುರು ಕೂತಿರುತ್ತಾನೆ. ಬೆಂಗಳೂರಿಗೆ ರಾತ್ರಿ ಹೊರಟವರಿಗೂ ಕೃಷ್ಣಗಿರಿ ದಾಟಿ ಹೊಸೂರಿನತ್ತ ಏರುವಾಗ ಇದರ ಸಣ್ಣ ರುಚಿ ಸಿಕ್ಕಿರುತ್ತದೆ. ಆಗ ಮೊದಲು ಮರಗಟ್ಟುವುದು ಬೆರಳು. ಬೆರಳು ಮರಗಟ್ಟಿದರೆ ಬ್ರೇಕ್ ಹಿಡಿಯುವುದು ತಡವಾಗುತ್ತದೆ. ಎಂದರೆ ಚಳಿಯೇ ಬೀಳಿಸುತ್ತದೆ. ಚಳಿ ತಡೆಯುವುದು, ಬಿದ್ದಾಗ ಕಾಯುವುದು ಎಂಬ ಎರಡು ಕೆಲಸಗಳು ಒಂದಕ್ಕೊಂದು ಗಂಟುಬಿದ್ದಿರುವುದು ಇಲ್ಲಿ.

ಮದ್ರಾಸಿನ ತೊಗಲು ಅಂಗಿಯಾದ ಬಗೆಯನ್ನೂ ಹೇಳಬೇಕು. ಅಡ್ಯಾರಿನಲ್ಲಿ 1948ರಲ್ಲಿ ಶಂಕುಸ್ಥಾಪನೆಯಾದ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ, ಅದನ್ನು ಬಹುಕಾಲ ಮುನ್ನಡೆಸಿದ ವೈ. ನಾಯುಡಮ್ಮ, ಇವರ ಕಾಲದಲ್ಲಿ ವಿಜ್ಞಾನ ಟ್ಯಾನರಿಯೊಳಕ್ಕೆ ಹೊಕ್ಕಿತು. 1970ರ ದಶಕದ ಆರಂಭದಲ್ಲಿ ಸೀತಾರಾಮಯ್ಯ ಸಮಿತಿಯ ಸಲಹೆಯಂತೆ ಸರ್ಕಾರ ಅರೆ ಹದವಾದ ತೊಗಲಿನ ರಫ್ತಿಗೆ ಮಿತಿ ಹಾಕಿ, ಸಿದ್ಧವಸ್ತುವನ್ನೇ ಕಳಿಸಿ ಎಂದಿತು. ಪೆರಿಯಮೇಡಿನ ಮಂಡಿಗಳ ಹಿಂದೆ ಹೊಲಿಗೆ ಘಟಕಗಳು ಬೆಳೆದವು. ಯುರೋಪಿಗೆ ಜಾಕೆಟ್ ಹೊರಟಿತು. ಆದರೆ ಅದರಲ್ಲಿ ಹೆಚ್ಚಿನದು ಕುರಿ, ಆಡಿನ ಮೆತ್ತನೆಯ ತೊಗಲಿನ ಫ್ಯಾಷನ್ ಉಡುಪು. ಸವಾರರ ದಪ್ಪ ಜಾಕೆಟ್ಟಿಗೆ ಹೆಸರಾದದ್ದು ಪಾಕಿಸ್ತಾನದ ಸಿಯಾಲ್‌ಕೋಟ್. ಹೀಗಾಗಿ ಮದ್ರಾಸಿನಲ್ಲಿ 'ಲೆದರ್ ಜಾಕೆಟ್' ಎಂದರೆ ಷೋಕಿ ಎಂಬ ಅರ್ಥವೇ ನಿಂತಿತು. ಕವಚ ಎಂಬ ಅರ್ಥ ಬೆಳೆಯಲಿಲ್ಲ.

ಈ ಅಂಗಿಯ ಬೆಲೆಯನ್ನು ಒಂದು ನದಿಯೂ ತೆತ್ತಿದೆ. ಪಾಲಾರ್ ಹುಟ್ಟುವುದು ನಮ್ಮ ನಂದಿಬೆಟ್ಟದ ಸೀಮೆಯಲ್ಲಿ. ಕೋಲಾರ ದಾಟಿ ತಮಿಳುನಾಡಿಗೆ ಇಳಿದರೆ ಅದರ ದಡದುದ್ದಕ್ಕೂ ವಾಣಿಯಂಬಾಡಿ, ಆಂಬೂರು, ರಾಣಿಪೇಟೆಯ ಟ್ಯಾನರಿಗಳು. 1996ರಲ್ಲಿ ಸುಪ್ರೀಂ ಕೋರ್ಟ್ ವೆಲ್ಲೂರು ನಾಗರಿಕರ ವೇದಿಕೆಯ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಾಗ, ಆ ಪಟ್ಟಿಯ ಸುಮಾರು 35,000 ಹೆಕ್ಟೇರ್ ಹೊಲ ಪೂರ್ತಿಯಾಗಿಯೋ ಭಾಗಶಃವೋ ಸಾಗುವಳಿಗೆ ಬಾರದಂತಾಗಿದೆ ಎಂದು ದಾಖಲಿಸಿತು. ಕೆಡಿಸಿದವನೇ ತೆರಬೇಕು ಎಂಬ ತತ್ವ ಈ ನೆಲದ ಕಾನೂನಿನ ಭಾಗ ಎಂದಿತು. ಟ್ಯಾನರಿಯ ಕ್ರೋಮ್ ನೀರಿನಲ್ಲಿ ನಿಂತು ದುಡಿದವರು ಬಹುಪಾಲು ದಲಿತರು. ಶರಣ ಹರಳಯ್ಯ, ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮ ತೆಗೆದು ಬಸವಣ್ಣನವರಿಗೆ ಮೆಟ್ಟು ಮಾಡಿಕೊಟ್ಟರೆಂಬ ಐತಿಹ್ಯ ಕೇಳಿ ಬೆಳೆದವರು ನಾವು. ಒಬ್ಬರ ಮೈ ಕಾಯುವ ವಸ್ತುವಿಗೆ ಇನ್ನೊಬ್ಬರ ಮೈ ಸವೆದಿರುತ್ತದೆ ಎಂಬ ಮಾತು ನಮಗೆ ಹೊಸದಲ್ಲ.

ಹಾಗಾದರೆ ಇವತ್ತು ಆರಿಸುವುದು ಹೇಗೆ? ಮೊದಲು, ಮಾಲ್‌ನಲ್ಲಿ ತೂಗುಹಾಕಿದ ಮೆತ್ತನೆಯ ಜಾಕೆಟ್ಟನ್ನು ಸವಾರಿಯದೆಂದು ನಂಬಬಾರದು. ತೆಳುವಾದ ಕುರಿತೊಗಲು ಡಾಂಬರಿನ ಉಜ್ಜಿಗೆ ನಿಲ್ಲುವುದಿಲ್ಲ. ಸವಾರಿಗೆ ಬೇಕಾದದ್ದು ಒಂದು ಮಿಲಿಮೀಟರಿಗಿಂತ ದಪ್ಪದ ದನದ ತೊಗಲು ಇಲ್ಲವೇ ಅದಕ್ಕೆಂದೇ ನೇಯ್ದ ಗಟ್ಟಿ ನೈಲಾನ್. ಮದ್ರಾಸಿನ ಬಿಸಿಲಿಗೆ ತೊಗಲು ಶಿಕ್ಷೆ. ಗಾಳಿಯಾಡುವ ಜಾಲರಿ ಬಟ್ಟೆಯ ಜಾಕೆಟ್ ಕೊಂಡು, ಒಳಗೆ ಬೇಕಾದಾಗ ಸೇರಿಸುವ ಗಾಳಿತಡೆ ಪದರ, ಬೆಚ್ಚನೆಯ ಪದರ ಇರುವಂತೆ ನೋಡಿಕೊಂಡರೆ ಒಂದೇ ಅಂಗಿ ತಾಂಬರಂಗೂ ಊಟಿಗೂ ಒದಗುತ್ತದೆ. ಭುಜ, ಮೊಣಕೈಯ ಪ್ಯಾಡ್ ಮೇಲೆ ಇಎನ್ 1621-1, ಬೆನ್ನಿನದರ ಮೇಲೆ 1621-2 ಎಂಬ ಅಚ್ಚಿರಬೇಕು. ಬರೀ ಸ್ಪಂಜು ತುಂಬಿದ್ದು ಪ್ಯಾಡ್ ಅಲ್ಲ. ಇಡೀ ಉಡುಪಿಗೆ 2020ರಿಂದ ಬಂದಿರುವ ಇಎನ್ 17092ರ ಗುರುತಿನಲ್ಲಿ ಟ್ರಿಪಲ್ ಎ ಎಲ್ಲಕ್ಕಿಂತ ಗಟ್ಟಿ, ಬರೀ ಎ ಹಗುರ.

ಒಳಗೆ ಹತ್ತಿ ಬನಿಯನ್ ಬೇಡ. ಬೆವರಿ ಒದ್ದೆಯಾದ ಹತ್ತಿ ಘಟ್ಟದ ಮೇಲೆ ಮೈಯ ಬಿಸಿ ಹೀರುತ್ತದೆ. ಉಣ್ಣೆಯೋ, ಬೆವರು ಹೊರಹಾಕುವ ಬಟ್ಟೆಯೋ ಇರಲಿ. ಜಾಕೆಟ್ ನಿಂತು ನೋಡಿ ಕೊಳ್ಳುವಂಥದ್ದಲ್ಲ, ಬೈಕಿನ ಮೇಲೆ ಕೂತು, ಕೈ ಚಾಚಿ ನೋಡಬೇಕು. ಆಗ ಮಣಿಕಟ್ಟು, ಸೊಂಟ ತೆರೆದುಕೊಂಡರೆ ಗಾಳಿಗೆ ಅಲ್ಲೇ ದಾರಿ. ಪ್ಯಾಡ್ ಜಾಗ ಬಿಟ್ಟು ಜರುಗಿದರೆ ಬಿದ್ದಾಗ ಅದು ಇದ್ದೂ ಇಲ್ಲದಂತೆ.

ಕಾನೂನು ಇನ್ನೂ ತಲೆಯ ಹತ್ತಿರವೇ ನಿಂತಿದೆ. 1988ರ ಮೋಟಾರು ವಾಹನ ಕಾಯ್ದೆಯ 129ನೇ ಕಲಂ ಕೇಳುವುದು ಶಿರಸ್ತ್ರಾಣವನ್ನು. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2015ರ ಜುಲೈ 1ರಿಂದ ತಮಿಳುನಾಡಿನಲ್ಲಿ ಅದು ಬಿಗಿಯಾಯಿತು. ಕೈ, ಬೆನ್ನು, ಮಂಡಿ ಅವರವರ ಜೇಬಿಗೆ ಬಿಟ್ಟ ವಿಷಯ. ಹೀಗಾಗಿ ಲಡಾಖಿಗೆ ಹೊರಡುವವನಿಗೆ ಇಂದು ಬೇಕಾದ ಅಂಗಿಯೆಲ್ಲ ಸಿಗುತ್ತದೆ. ವರ್ಷವಿಡೀ ನಸುಕಿನಲ್ಲಿ ಹಾಲು, ಪೇಪರ್ ಹೊರುವ, ನಡುರಾತ್ರಿ ಊಟ ತಲುಪಿಸುವ ಹುಡುಗನ ಮೈಮೇಲೆ ಇರುವುದು ಕಂಪನಿಯ ಹೆಸರಿರುವ ತೆಳುವಾದ ಟೀ ಶರ್ಟು. ಜಾಕೆಟ್ಟಿಗೆ ದುಡ್ಡು ಸಾಲದವರು ಹೆಲ್ಮೆಟ್ ಆದ ಮೇಲೆ ಮೊದಲು ಕೊಳ್ಳಬೇಕಾದದ್ದು ಗಟ್ಟಿಯಾದ ಒಂದು ಜೊತೆ ಕೈಗವಸು. ಬೀಳುವಾಗ ಮನುಷ್ಯ ಮೊದಲು ಊರುವುದು ಅಂಗೈಯನ್ನು, ಚಳಿ ಮೊದಲು ಹಿಡಿಯುವುದೂ ಬೆರಳನ್ನೇ. ತೊಗಲಿನ ಈ ಊರಿನಲ್ಲಿ ಆ ಹುಡುಗನಿಗೆ ಅಷ್ಟನ್ನಾದರೂ ಕೊಡಿಸುವುದು ಅವನನ್ನು ದುಡಿಸಿಕೊಳ್ಳುವವರ ಕೆಲಸ.