ಮಾಡೆಲ್ ರಾಕೆಟ್‌ನ ಮೋಟರ್ ಮನೆಯಲ್ಲೇ ಮಾಡಬಹುದೇ?

ಬೇಡ. ಪಟಾಕಿ ಮದ್ದು ತುಂಬಿ ರಾಕೆಟ್ ಮಾಡುವ ವಿಡಿಯೊ ಬಂದರೆ ಫಾರ್ವರ್ಡ್ ಮಾಡಬೇಡಿ. ಕಿಟ್‌ನಲ್ಲಿ ನಾವು ಅಂಟಿಸಿ ಜೋಡಿಸುವುದು ರಟ್ಟಿನ ಕೊಳವೆ, ರೆಕ್ಕೆ, ಮೂತಿ, ಪ್ಯಾರಾಚೂಟ್ ಮಾತ್ರ. ಮೋಟರ್ ಕಾರ್ಖಾನೆಯಲ್ಲೇ ತಯಾರಾಗಿರುತ್ತದೆ.

ಇದಕ್ಕೆ ಕಾರಣವಿದೆ. 1957ರಲ್ಲಿ ಸ್ಪುಟ್ನಿಕ್ ಹಾರಿದ ಮೇಲೆ ಅಮೆರಿಕದ ಹುಡುಗರು ಮನೆಯಲ್ಲೇ ಇಂಧನ ಬೆರೆಸಲು ಹೋಗಿ ಗಾಯಗೊಂಡರು. ಶೂ ಅಂಗಡಿ ನಡೆಸುತ್ತಿದ್ದ ಆರ್ವಿಲ್ ಕಾರ್ಲೈಲ್ ರೂಪಿಸಿದ್ದ ಸಿದ್ಧ ಮೋಟರಿನ ರಾಕೆಟ್ಟನ್ನು ಹ್ಯಾರಿ ಸ್ಟೈನ್ ಜನರಿಗೆ ತಲುಪಿಸಿದರು.

ಮಧ್ಯಮ ಶಕ್ತಿಯ ಕಿಟ್‌ಗೆ ಇ, ಎಫ್, ಜಿ ಮೋಟರ್ ಹಾಕುತ್ತಾರೆ. ಒಂದೊಂದು ಅಕ್ಷರ ಮುಂದೆ ಹೋದಂತೆ ಒಟ್ಟು ನೂಕಿನ ಮಿತಿ ದುಪ್ಪಟ್ಟು: 'ಇ'ಗೆ 40 ನ್ಯೂಟನ್-ಸೆಕೆಂಡ್, 'ಜಿ'ಗೆ 160. ಬೆಂಕಿಕಡ್ಡಿ ಮುಟ್ಟಿಸುವಂತಿಲ್ಲ, ಸುಮಾರು 9 ಮೀಟರ್ ದೂರದಿಂದ ಬ್ಯಾಟರಿಯ ಗುಂಡಿ ಒತ್ತಬೇಕು. ಹೊತ್ತಿಕೊಳ್ಳದಿದ್ದರೆ? ಬ್ಯಾಟರಿ ಬಿಚ್ಚಿ, 60 ಸೆಕೆಂಡ್ ಕಾದ ಮೇಲಷ್ಟೇ ಹತ್ತಿರ ಹೋಗಿ. ದೀಪಾವಳಿಯಲ್ಲಿ ಹೊತ್ತದ ಪಟಾಕಿಯನ್ನು ಇಣುಕಿ ನೋಡುವ ಚಾಳಿ ಇಲ್ಲಿ ಖಂಡಿತ ಬೇಡ.