ಕಟ್ಟಿಗೆ ಸೀಳುವ ಕೈ

ಹೋದ ವರ್ಷ ಮೇ ತಿಂಗಳ ಕೊನೆಯಲ್ಲಿ ಬೀಸಿದ ಗಾಳಿಗೆ ಜನವಾಡದ ನಮ್ಮ ತವರುಮನೆಯ ಹಿತ್ತಲಿನ ಬೇವಿನ ಮರ ಬುಡಸಮೇತ ಉರುಳಿತು. ಗೋಡೆಗೂ ತಾಗಲಿಲ್ಲ, ಕೊಟ್ಟಿಗೆಗೂ ತಾಗಲಿಲ್ಲ. ನಡುವಿನ ಖಾಲಿ ಜಾಗ ನೋಡಿಕೊಂಡು ಮಲಗಿದಂತಿತ್ತು. ನಾನು ಬೀದರದಿಂದ ಹೋಗುವಷ್ಟರಲ್ಲಿ ಹೈದರಾಬಾದಿನಿಂದ ತಮ್ಮನ ಮಗನೂ ಬಂದಿದ್ದ. ಅವನ ಮೊಬೈಲಿನಲ್ಲಿ ಒಂದು ಯಂತ್ರದ ಚಿತ್ರ. ಇಪ್ಪತ್ತು ಇಂಚಿನ ಪಟ್ಟಿ, ಪೆಟ್ರೋಲ್ ಎಂಜಿನ್ನು, ಕಿತ್ತಳೆ ಬಣ್ಣ. "ಅತ್ತಿ, ಚೈನ್ ಸಾ ತಗೊಂಡುಬಿಡೋಣ. ವರ್ಷಪೂರ್ತಿ ಕಟ್ಟಿಗಿ ಚಿಂತಿ ಇರಲ್ಲ" ಅಂದ. ಅವ್ವ ಕಟ್ಟೆಯ ಮೇಲೆ ಕುಳಿತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. "ನೀ ಹೈದರಾಬಾದಿಗೆ ಹೋದ ಮ್ಯಾಲ ಅದನ್ನ ಹಿಡಿಯೋರು ಯಾರಪ್ಪ?" ಎಂದಳು. ಅವನು ಉತ್ತರ ಕೊಡಲಿಲ್ಲ. ಯಂತ್ರವನ್ನು ಆರಿಸುವ ಕೆಲಸ, ಮನೆಯಲ್ಲಿ ಪುಸ್ತಕ ಓದುವವಳು ಎಂಬ ಕಾರಣಕ್ಕೆ, ನನ್ನ ತಲೆಗೆ ಬಂತು.

ಗ್ಯಾಸ್ ಇರುವಾಗ ಕಟ್ಟಿಗೆ ಯಾಕೆ ಎಂದು ಪಟ್ಟಣದ ಓದುಗರು ಕೇಳಬಹುದು. 2016ರಲ್ಲಿ ಉಜ್ವಲಾ ಯೋಜನೆ ಬಂದ ಮೇಲೆ ಹಳ್ಳಿಯ ಮನೆಗಳಲ್ಲೂ ಸಿಲಿಂಡರು ಕಾಣುತ್ತದೆ, ನಿಜ. ಆದರೆ ಸ್ನಾನದ ಹಂಡೆ ಇನ್ನೂ ಕಟ್ಟಿಗೆಯ ಮೇಲೆಯೇ. ಡಿಸೆಂಬರಿನಲ್ಲಿ ನಮ್ಮ ಸೀಮೆಯ ಚಳಿ ಕಂಡವರಿಗೆ ಹಂಡೆಯ ಬೆಲೆ ಗೊತ್ತು. ಹತ್ತು ಜನರಿಗೆ ಜೋಳದ ರೊಟ್ಟಿ ಬಡಿಯುವ ದಿನವೂ ಒಲೆಯೇ ಬೇಕು.

ನಮ್ಮದು ಕಾಡಿನ ನಾಡಲ್ಲ. ಜೋಳ, ತೊಗರಿ, ಉದ್ದು, ಹೆಸರು ಬೆಳೆಯುವ ಬಯಲು. ಒಲೆಗೆ ಹಾಕುತ್ತಿದ್ದುದೂ ಹೊಲದ್ದೇ: ತೊಗರಿ ಕಟ್ಟಿಗೆ, ದನದ ಸಗಣಿಯ ಕುಳ್ಳು, ಬದುವಿನ ಜಾಲಿ. ಆ ಮೇಲೆ ಬಳ್ಳಾರಿ ಜಾಲಿ ಬಂತು. ಹೆಸರಿನಲ್ಲಿ ಬಳ್ಳಾರಿ ಇದ್ದರೂ ಅದರ ತವರು ಅಮೆರಿಕ ಖಂಡ. 1877ರಲ್ಲಿ ಜಮೈಕಾದಿಂದ ತರಿಸಿದ ಬೀಜವನ್ನು ಕಡಪಾ ಸೀಮೆಯಲ್ಲಿ ಬಿತ್ತಿದರಂತೆ. ಉರುವಲಿಗೆಂದು ತಂದ ಗಿಡ ಇಂದು ಹಳ್ಳ, ಕೆರೆ, ಗೋಮಾಳ ಎಲ್ಲವನ್ನೂ ನುಂಗಿದೆ. ಉರಿ ಮಾತ್ರ ಒಳ್ಳೆಯದು. ಕಡಿಯುವವರ ಕೈಗೆ ಅದರ ಮುಳ್ಳಿನ ಲೆಕ್ಕ ಗೊತ್ತು.

ಕಟ್ಟಿಗೆಯ ಮಾತು ಬಂದಾಗ ನಮ್ಮ ಜಿಲ್ಲೆಯವರಿಗೆ ನೆನಪಾಗಲೇಬೇಕಾದ ಹೆಸರು ಮೋಳಿಗೆಯ ಮಾರಯ್ಯನವರದು. ಮೋಳಿಗೆ ಎಂದರೆ ಕಟ್ಟಿಗೆಯ ಹೊರೆ. ಕಾಶ್ಮೀರದ ಅರಸುತನ ಬಿಟ್ಟು, ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣಕ್ಕೆ ಬಂದು, ಕಟ್ಟಿಗೆ ಮಾರಿ ಕಾಯಕ ಮಾಡಿದರೆಂದು ಪರಂಪರೆ ಹೇಳುತ್ತದೆ. ಅವರ ಪತ್ನಿ ಮಹಾದೇವಿಯೂ ವಚನಕಾರ್ತಿ. ಈ ಪಾಠವನ್ನು ಎಷ್ಟೋ ಸಲ ಮಾಡಿದ್ದೇನೆ. ಪಾಠ ಮಾಡುವಾಗಲೆಲ್ಲ ನನ್ನ ಕಣ್ಣ ಮುಂದೆ ಬರುತ್ತಿದ್ದುದು ಅರಸನಲ್ಲ. ನಸುಕಿನಲ್ಲಿ ಜಾಲಿಯ ಹೊರೆ ತಲೆಯ ಮೇಲಿಟ್ಟು ಜನವಾಡದ ದಾರಿಯಲ್ಲಿ ಬೀದರದ ಕಡೆ ನಡೆಯುತ್ತಿದ್ದ ಹೆಂಗಸರ ಸಾಲು. ಅವರ ಕಾಯಕಕ್ಕೆ ಹೆಸರು ಕೊಟ್ಟವರಿಲ್ಲ.

ನಮ್ಮ ಮನೆಯಲ್ಲಿ ದೊಡ್ಡ ಬೊಡ್ಡೆಗಳನ್ನು ಕಡಿಯಲು ಆಳು ಬರುತ್ತಿದ್ದ. ಅವನಿಗೆ ಕೂಲಿ, ಚಹಾ, ಮಧ್ಯಾಹ್ನದ ಊಟ. ದಿನದಿನದ ಸೀಳುವ ಕೆಲಸ ಅವ್ವನದು. ಅದಕ್ಕೆ ಕೂಲಿಯೂ ಇಲ್ಲ, ಲೆಕ್ಕವೂ ಇಲ್ಲ. ನನ್ನ ತಮ್ಮ ಹೊಟ್ಟೆಯಲ್ಲಿದ್ದಾಗ ಎಂಟನೆಯ ತಿಂಗಳವರೆಗೂ ಅವಳು ಕೊಡಲಿ ಹಿಡಿದದ್ದು ನನಗೇ ನೆನಪಿದೆ. ಎಡಗೈಯ ತೋರುಬೆರಳಿನ ತುದಿ ಒಂದು ಏಟಿಗೆ ಹೋಯಿತು. ಅರಿಶಿನ ಒತ್ತಿ, ಬಟ್ಟೆ ಸುತ್ತಿ, ಅದೇ ಕಟ್ಟಿಗೆಯಿಂದ ಅವತ್ತಿನ ಅಡಿಗೆ ಮಾಡಿದಳು. 1980ರ ದಶಕದಲ್ಲಿ ಹೊಗೆ ಕಡಿಮೆಯಾಗುವ ಸುಧಾರಿತ ಒಲೆಗಳು ಬಂದವು. ಕಣ್ಣುರಿ ತಗ್ಗಿತು. ಆದರೆ ನಮ್ಮ ಮನೆಗೆ ಬಂದ ಒಲೆಯ ಬಾಯಿ ಚಿಕ್ಕದು. ಕಟ್ಟಿಗೆಯನ್ನು ಇನ್ನೂ ಸಣ್ಣಗೆ ಸೀಳಬೇಕಾಯಿತು. ಉರುವಲು ಉಳಿಯಿತು, ಅವ್ವನ ರಟ್ಟೆ ಉಳಿಯಲಿಲ್ಲ.

ಯಂತ್ರದ ವಿಷಯ ಓದಲು ಕುಳಿತಾಗ ನನಗೆ ಸಿಕ್ಕಿದ ಇತಿಹಾಸ ನಾನು ನಿರೀಕ್ಷಿಸಿದ್ದಲ್ಲ. ಸರಪಳಿ ಗರಗಸ ಹುಟ್ಟಿದ್ದು ಕಾಡಿನಲ್ಲಿ ಎಂದುಕೊಂಡಿದ್ದೆ. ಅದು ಹುಟ್ಟಿದ್ದು ಬಾಣಂತಿಯ ಕೋಣೆಯಲ್ಲಿ.

ಹದಿನೆಂಟನೆಯ ಶತಮಾನದ ಕೊನೆಯ ಮಾತು. ಹೆರಿಗೆಯಲ್ಲಿ ಮಗು ಸಿಕ್ಕಿಕೊಂಡರೆ ಹೊಟ್ಟೆ ಕೊಯ್ದು ತೆಗೆಯುವ ಶಸ್ತ್ರಚಿಕಿತ್ಸೆಯಲ್ಲಿ ಆಗ ತಾಯಿ ಉಳಿಯುತ್ತಿದ್ದುದೇ ಅಪರೂಪ. ಅದರ ಬದಲು ಕೆಲವು ವೈದ್ಯರು, ಸೊಂಟದ ಎಲುಬುಗಳು ಮುಂಭಾಗದಲ್ಲಿ ಕೂಡುವ ಕೀಲನ್ನು ಬಿಡಿಸಿ ಮಗುವಿಗೆ ದಾರಿ ಮಾಡುತ್ತಿದ್ದರು. ಚಾಕುವಿನಿಂದ ಅದು ನಿಧಾನದ, ಅಪಾಯದ ಕೆಲಸ. ಸ್ಕಾಟ್ಲೆಂಡಿನ ವೈದ್ಯ ಜಾನ್ ಏಟ್ಕಿನ್ ಇದಕ್ಕಾಗಿ ಹಲ್ಲುಳ್ಳ ಕೊಂಡಿಗಳ ಸಣ್ಣ ಸರಪಳಿಯೊಂದನ್ನು ಯೋಚಿಸಿ, 1785ರ ತನ್ನ ಸೂಲಗಿತ್ತಿ ಶಾಸ್ತ್ರದ ಪುಸ್ತಕದಲ್ಲಿ ಅದರ ಚಿತ್ರ ಕೊಟ್ಟ. ಎರಡು ತುದಿಗೆ ಎರಡು ಹಿಡಿ. ಎಲುಬಿನ ಸುತ್ತ ಹಾಯಿಸಿ ಅತ್ತಿತ್ತ ಎಳೆಯುವುದು. ಅದೇ ಕಾಲದಲ್ಲಿ ಗ್ಲಾಸ್ಗೋದ ಜೇಮ್ಸ್ ಜೆಫ್ರಿ ಕೊಳೆತ ಎಲುಬು ತೆಗೆಯಲು ಇಂಥದನ್ನೇ ಮಾಡಿಸಿದ. ಈಥರ್ ಅರಿವಳಿಕೆಯನ್ನು ಶಸ್ತ್ರಚಿಕಿತ್ಸೆಯಲ್ಲಿ ಜನರ ಮುಂದೆ ಪ್ರದರ್ಶಿಸಿದ್ದು 1846ರಲ್ಲಿ. ಅಂದರೆ ಆ ತಾಯಂದಿರು ಎಚ್ಚರವಾಗಿಯೇ ಇದ್ದರು.

ಇದನ್ನು ಓದಿ ಪುಸ್ತಕ ಮುಚ್ಚಿಟ್ಟೆ. ನಮ್ಮ ಅವ್ವನ ಅಕ್ಕ, ನಾನು ನೋಡದ ದೊಡ್ಡವ್ವ, ಚೊಚ್ಚಲ ಹೆರಿಗೆಯಲ್ಲಿ ಎರಡು ದಿನ ನರಳಿ, ಎತ್ತಿನ ಬಂಡಿಯಲ್ಲಿ ಬೀದರಕ್ಕೆ ಸಾಗಿಸುವಾಗ ದಾರಿಯಲ್ಲೇ ಹೋದಳು. ಮಗು ಹೊರಗೆ ಬರಲೇ ಇಲ್ಲ. ಸರಪಳಿಗೆ ಹಲ್ಲು ಕೂಡಿಸಿದವರು ಇಂಥ ನೋವಿನ ಎದುರೇ ನಿಂತಿದ್ದರು. ಉಪಕರಣ ಕ್ರೂರವೆಂದು ಒಮ್ಮೆ ಅನ್ನಿಸುತ್ತದೆ. ಬಂಡಿಯ ದಾರಿ ನೆನೆದರೆ ಹಾಗೆನ್ನಲು ನಾಲಿಗೆ ಏಳುವುದಿಲ್ಲ.

ಆಮೇಲಿನ ಕಥೆ ಬೇಗ ಸಾಗುತ್ತದೆ. 1830ರ ಸುಮಾರಿಗೆ ಜರ್ಮನಿಯ ಬರ್ನ್‌ಹಾರ್ಡ್ ಹೈನೆ ಸರಪಳಿಯನ್ನು ಒಂದು ಪಟ್ಟಿಯ ಸುತ್ತ ಕೂರಿಸಿ ಹಿಡಿ ತಿರುಗಿಸಿ ಓಡಿಸಿದ. ಅದೂ ಎಲುಬಿಗೇ. 1894ರಲ್ಲಿ ಇಟಲಿಯ ಹೆರಿಗೆ ವೈದ್ಯ ಜಿಲ್ಯಿ ತೆಳು ತಂತಿಯ ಗರಗಸ ತಂದ ಮೇಲೆ ಸರಪಳಿ ಆಸ್ಪತ್ರೆಯಿಂದ ಮೆಲ್ಲಗೆ ಹಿಂದೆ ಸರಿಯಿತು. ಕಾಡಿನಲ್ಲಿ ಅದಕ್ಕೆ ಬೇರೆ ಜನ್ಮ ಸಿಕ್ಕಿತು. ಜರ್ಮನಿಯ ಆಂದ್ರೆಯಾಸ್ ಸ್ಟೀಲ್ 1926ರಲ್ಲಿ ವಿದ್ಯುತ್ತಿನ, 1929ರಲ್ಲಿ ಪೆಟ್ರೋಲಿನ ಗರಗಸ ಹೊರತಂದ. ಇಬ್ಬರು ಗಂಡಸರು ಹೊತ್ತು ಹಿಡಿಯುವಷ್ಟು ಭಾರ ಅವು. 1946ರಲ್ಲಿ ಅಮೆರಿಕದ ಒರೆಗಾನಿನ ಮರಕಡಿಯುವವ ಜೋಸೆಫ್ ಕಾಕ್ಸ್ ಬೊಡ್ಡೆಯೊಂದರಲ್ಲಿ ಕೊರೆಯುವ ಹುಳು ನೋಡಿದ. ಅದರ ದವಡೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಕಡಿಯುತ್ತಿತ್ತು. ಹಾಗೆಯೇ ಎಡ ಬಲ ಹಲ್ಲುಗಳ ಸರಪಳಿ ಮಾಡಿದ. ಇಂದಿನ ಸರಪಳಿಗಳೆಲ್ಲ ಆ ಹುಳುವಿನ ಶಿಷ್ಯರೇ. ಯಂತ್ರ ಹಗುರಾಗಿ ಒಬ್ಬರ ಕೈಗೆ ಬಂದದ್ದು 1950ರ ಹೊತ್ತಿಗೆ. ಆ ಒಬ್ಬರು ಗಂಡಸೇ ಎಂಬುದು ಎಲ್ಲರ ಲೆಕ್ಕವಾಗಿತ್ತು.

ನಾನು ಲೆಕ್ಕ ಬದಲಿಸಿದೆ. ದಿನವೂ ಒಲೆಯ ಮುಂದೆ ನಿಲ್ಲುವವಳು ತಮ್ಮನ ಹೆಂಡತಿ. ಅವಳ ಕೈಗೆ ಯಾವುದು ಒಗ್ಗುತ್ತದೆ ಎಂಬುದೇ ಮೊದಲ ಪ್ರಶ್ನೆ ಎಂದೆ. ಅವಳನ್ನು ಕರೆದುಕೊಂಡೇ ಬೀದರದ ಅಂಗಡಿಗೆ ಹೋದೆ. ಪೆಟ್ರೋಲಿನದು ಎತ್ತಿದಳು, ಇಳಿಸಿದಳು. ಹಗ್ಗ ಎಳೆದು ಚಾಲೂ ಮಾಡಬೇಕು, ಪೆಟ್ರೋಲಿಗೆ ಅಳತೆ ಪ್ರಕಾರ ಎಣ್ಣೆ ಬೆರೆಸಬೇಕು, ಹೊಗೆ ಬೇರೆ. ಹೊಲದಲ್ಲಿ, ಕರೆಂಟಿಲ್ಲದ ಕಡೆ ಅದು ಬೇಕು, ಹಿತ್ತಲಿಗೆ ಬೇಡ. ಬ್ಯಾಟರಿಯದು ಹಗುರ, ಆದರೆ ಬೆಲೆ ಹೆಚ್ಚು. ಕೊನೆಗೆ ವಿದ್ಯುತ್ತಿನ, ಹದಿನಾಲ್ಕು ಇಂಚಿನ ಪಟ್ಟಿಯದನ್ನು ಆರಿಸಿದೆವು. ಬೇವಿನ ದಪ್ಪ ಕಾಂಡಕ್ಕೆ ಪೆಟ್ರೋಲ್ ಗರಗಸ ಇದ್ದವನನ್ನು ಒಂದು ದಿನಕ್ಕೆ ಕರೆಸಿದರೆ ಸಾಕು. ವರ್ಷಕ್ಕೊಮ್ಮೆಯ ಕೆಲಸಕ್ಕೆ ದೊಡ್ಡ ಯಂತ್ರ ಕೊಂಡು ಮೂಲೆಗಿಡುವುದು ಜಾಣತನವಲ್ಲ. ತೊಗರಿ ಕಟ್ಟಿಗೆ, ಮುಂಗೈ ದಪ್ಪದ ಜಾಲಿ ಇಷ್ಟೇ ಉರಿಸುವವರಾದರೆ ಯಾವ ಯಂತ್ರವೂ ಬೇಡ. ಒಂದು ಬಿಲ್ಲುಗರಗಸ ಸಾಕು. ನಿಂತ ಮರ ಕಡಿಯುವುದಾದರೆ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಿದೆ, ಅರಣ್ಯ ಇಲಾಖೆಯವರನ್ನು ಮೊದಲು ಕೇಳಬೇಕು.

ಕೊಳ್ಳುವವರು ನೋಡಲೇಬೇಕಾದದ್ದು ಮುಂದಿನ ಹಿಡಿಯ ಎದುರಿಗಿರುವ ಸರಪಳಿ ಬ್ರೇಕು. ಪಟ್ಟಿಯ ಮೂತಿಯ ಮೇಲ್ಭಾಗ ಕಟ್ಟಿಗೆಗೆ ತಾಗಿದರೆ ಯಂತ್ರ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಮುಖದ ಕಡೆ ಚಿಮ್ಮುತ್ತದೆ. ಆಗ ಕಾಯುವುದು ಆ ಬ್ರೇಕು. ಎರಡೂ ಕೈ ಹಿಡಿಯ ಮೇಲೇ ಇರಬೇಕು. ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ, ಕಾಲಿಗೆ ಗಟ್ಟಿ ಬೂಟು, ತೊಡೆಯಿಂದ ಕೆಳಗೆ ಗರಗಸ ತಡೆಯುವ ದಪ್ಪ ಬಟ್ಟೆಯ ರಕ್ಷಣೆ. ಸೆರಗು, ದುಪಟ್ಟಾ, ಬಿಚ್ಚಿದ ಜಡೆ, ಬಳೆ ಯಾವುದೂ ಹತ್ತಿರ ಸುಳಿಯಬಾರದು. ತಮ್ಮನ ಹೆಂಡತಿ ಈಗ ತಮ್ಮನ ಹಳೆಯ ಪ್ಯಾಂಟು, ತುಂಬುತೋಳಿನ ಅಂಗಿ ಹಾಕಿಕೊಂಡೇ ನಿಲ್ಲುತ್ತಾಳೆ. ಓಣಿಯವರು ಎರಡು ದಿನ ನಕ್ಕರು, ಮೂರನೆಯ ದಿನ ತಮ್ಮ ಕಟ್ಟಿಗೆ ತಂದಿಟ್ಟರು. ಸರಪಳಿಗೆ ಎಣ್ಣೆ ತುಂಬಿಸುವುದು, ಮಂಡಾದರೆ ದುಂಡು ಅರದಿಂದ ಹಲ್ಲು ತಿಕ್ಕುವುದು, ತಿಕ್ಕುವ ಮೊದಲು ಪ್ಲಗ್ ಕೀಳುವುದು, ಎಲ್ಲ ಕಲಿತಿದ್ದಾಳೆ. ಮಣ್ಣು ಹತ್ತಿದ ಕಟ್ಟಿಗೆ, ಮೊಳೆ ಇರುವ ಹಳೆಯ ತೊಲೆ ಇವೆರಡನ್ನು ಮುಟ್ಟುವುದಿಲ್ಲ.

ಯಂತ್ರ ಮನೆಗೆ ಬಂದ ದಿನ ಅವ್ವ ಒಂದು ಮಾತು ಹೇಳಿದಳು. "ಇದು ತುಂಡು ಮಾಡ್ತದ, ಖರೆ. ಸೀಳೋರು ಯಾರು?" ನಾವ್ಯಾರೂ ಅದನ್ನು ಯೋಚಿಸಿರಲಿಲ್ಲ. ಸರಪಳಿ ಗರಗಸ ಅಡ್ಡ ಕೊಯ್ಯುತ್ತದೆ. ಉದ್ದಕ್ಕೆ ಸೀಳಲು ಕೊಡಲಿಯೇ ಬೇಕು. ಉಪಾಯವನ್ನೂ ಅವಳೇ ಹೇಳಿದಳು. ತುಂಡು ಗಿಡ್ಡವಿದ್ದಷ್ಟು ಸೀಳುವುದು ಸಲೀಸು. ಒಳಗೆ ಹೋಗಿ ಒಂದು ತೊಗರಿ ಕಡ್ಡಿ ತಂದು, ಒಲೆಯ ಬಾಯಿಗೆ ಹಿಡಿದು ಮುರಿದು, ಸೊಸೆಯ ಕೈಗೆ ಕೊಟ್ಟಳು. "ಇಷ್ಟಕ್ಕ ಕೊಯ್ಯಿ."

ಆ ಕಡ್ಡಿ ಈಗಲೂ ಯಂತ್ರದ ಡಬ್ಬಿಯಲ್ಲೇ ಇದೆ. ತಮ್ಮನ ಹೆಂಡತಿ ಗೇಣುದ್ದದ ಬಿಲ್ಲೆಗಳನ್ನು ಕೊಯ್ದು ಹಾಕುತ್ತಾಳೆ; ಸಂಜೆ ಹೊಲದಿಂದ ಬಂದ ತಮ್ಮ ಕೊಡಲಿ ಹಿಡಿದು ಸೀಳುತ್ತಾನೆ. ಐವತ್ತು ವರ್ಷ ತುಂಬಿದ ಮೇಲೆ ಅವನು ಮನೆಯ ಒಲೆಗೆ ಕಟ್ಟಿಗೆ ಸೀಳಿದ್ದು ಇದೇ ಮೊದಲು. ಅವ್ವ ತುದಿಯಿಲ್ಲದ ಬೆರಳಿನಿಂದ ಅವನಿಗೆ ಕಟ್ಟಿಗೆಯ ಎಳೆ ತೋರಿಸುತ್ತಾಳೆ, ಎಲ್ಲಿ ಹೊಡೆದರೆ ಬಿಡುತ್ತದೆಂದು.