ಉಜ್ಜುವ ಉಕ್ಕು, ಉರುಳುವ ಗಾಲಿ

ಮಧುಗಿರಿಯ ನಮ್ಮ ಮನೆಯ ಅಟ್ಟದ ಮೇಲೆ ಒಂದು ಹಳೆಯ ಬೋರ್ನ್‌ವಿಟಾ ಡಬ್ಬಿಯಿದೆ. ಅದರೊಳಗೆ ಎಣ್ಣೆ ಬಟ್ಟೆಯಲ್ಲಿ ಸುತ್ತಿಟ್ಟ ಎರಡು ಉಕ್ಕಿನ ತುಂಡುಗಳು. ಮೇಲೆ ಸಣ್ಣ ಕಂಬ, ಕೆಳಗೆ ಅಗಲವಾದ ಪಾದ. ಕಳೆದ ದೀಪಾವಳಿಗೆ ಅಟ್ಟ ಗುಡಿಸುವಾಗ ಸೊಸೆ ಅದನ್ನು ಬಿಚ್ಚಿ ನೋಡಿ, "ಇದೇನತ್ತೆ, ಗುಜರಿಗೆ ಹಾಕೋದಾ?" ಎಂದಳು. "ಅಯ್ಯೋ ಬೇಡ ಕಣಮ್ಮ, ಅದು ನಮ್ಮಪ್ಪನ ಬುಲೆಟ್ಟಿನ ಟ್ಯಾಪೆಟ್ಟು" ಎಂದು ಕಸಿದುಕೊಂಡೆ. ಅವಳು ನನ್ನನ್ನು ಒಂದು ಥರ ನೋಡಿದಳು. ಹೆಂಗಸರು ಒಡವೆ ಬಚ್ಚಿಡುವುದುಂಟು, ಟ್ಯಾಪೆಟ್ಟು ಬಚ್ಚಿಡುವುದುಂಟೇ?

ನಮ್ಮಪ್ಪ ದನದ ಡಾಕ್ಟರು. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕುಗಳಲ್ಲೇ ವರ್ಗವಾಗುತ್ತಾ ಸರ್ವೀಸು ಮುಗಿಸಿದವರು. 1976ರಲ್ಲಿ ಯಾರದೋ ಕೈಯಿಂದ ಹಳೆಯ ಬುಲೆಟ್ಟು ಕೊಂಡರು. ಅಕ್ಕಿರಾಂಪುರದ ಕುರಿ ಸಂತೆಗೂ ಅದೇ, ಮಿಡಿಗೇಶಿ ಬೆಟ್ಟದ ಪಕ್ಕದಿಂದ ಪಾವಗಡದ ಹಳ್ಳಿಗಳಿಗೂ ಅದೇ. ಎರಡು ಫರ್ಲಾಂಗು ದೂರದಲ್ಲಿ ಸದ್ದು ಕೇಳಿದರೆ ಅಮ್ಮ ಒಲೆಯ ಮೇಲೆ ಮುದ್ದೆಗೆ ಎಸರಿಡುತ್ತಿದ್ದಳು. ಗಡಿಯಾರಕ್ಕಿಂತ ಆ ಸದ್ದಿನ ಮೇಲೇ ಅವಳಿಗೆ ನಂಬಿಕೆ.

ಆ ಗಾಡಿಯ ಕಥೆಯೂ ದೊಡ್ಡದು. ಇಂಗ್ಲೆಂಡಿನ ರೆಡ್ಡಿಚ್ ಎಂಬ ಊರಿನ ರಾಯಲ್ ಎನ್‌ಫೀಲ್ಡ್ ಕಂಪನಿ ಬುಲೆಟ್ ಎಂಬ ಹೆಸರಿಟ್ಟದ್ದು 1932ರಲ್ಲಿ. ನಮ್ಮ ಸೈನ್ಯಕ್ಕೆ ಬೇಕಾಯಿತೆಂದು ಇಲ್ಲಿಗೂ ಬಂತು. 1955ರಲ್ಲಿ ಮದ್ರಾಸ್ ಮೋಟಾರ್ಸ್‌ನವರು ಆ ಕಂಪನಿಯ ಜೊತೆ ಸೇರಿ ಎನ್‌ಫೀಲ್ಡ್ ಇಂಡಿಯಾ ಕಟ್ಟಿದರು. ತಿರುವೊಟ್ಟಿಯೂರಿನಲ್ಲಿ ಕಾರ್ಖಾನೆ ಎದ್ದಿತು. ಮೊದಮೊದಲು ಬಿಡಿಭಾಗಗಳು ಹಡಗಿನಲ್ಲಿ ಬರುತ್ತಿದ್ದವು, ಆಮೇಲೆ ಎಲ್ಲವೂ ಇಲ್ಲೇ ಆದವು. ತವರಿನಲ್ಲಿ ಕಾರ್ಖಾನೆ ಮುಚ್ಚಿಹೋಯಿತು, ಮದ್ರಾಸಿನಲ್ಲಿ ಮಾತ್ರ ಅದೇ ಎರಕದ ಕಬ್ಬಿಣದ ಇಂಜಿನ್ನು ಬಹುಕಾಲ ತಯಾರಾಗುತ್ತಲೇ ಇತ್ತು. ತವರು ಇಲ್ಲದಾದ ಮೇಲೂ ಗಟ್ಟಿಯಾಗಿ ಬಾಳಿದ ಹೆಣ್ಣುಮಕ್ಕಳನ್ನು ನಾವು ಕಂಡಿಲ್ಲವೇ, ಹಾಗೆ.

ಟ್ಯಾಪೆಟ್ಟು ಎಂದರೇನು ಎಂದು ಕೇಳುವ ಅಕ್ಕತಂಗಿಯರಿಗೆ ನನಗೆ ತಿಳಿದಂತೆ ಹೇಳುತ್ತೇನೆ. ಇಂಜಿನ್ನು ಉಸಿರಾಡಬೇಕು. ಪೆಟ್ರೋಲು ಬೆರೆತ ಗಾಳಿ ಒಳಗೆ ಬರಲು ಒಂದು ಬಾಗಿಲು, ಹೊಗೆ ಹೊರಗೆ ಹೋಗಲು ಒಂದು ಬಾಗಿಲು. ಅವೇ ವಾಲ್ವುಗಳು. ಅವನ್ನು ತೆರೆಸುವುದು ಕ್ಯಾಮ್ ಎಂಬ ಕೋಳಿಮೊಟ್ಟೆಯ ಆಕಾರದ ಚಕ್ರ. ಅದರ ಚೂಪು ಭಾಗ ಮೇಲೆ ಬಂದಾಗ ಟ್ಯಾಪೆಟ್ಟಿನ ಪಾದವನ್ನು ಎತ್ತುತ್ತದೆ, ಟ್ಯಾಪೆಟ್ಟು ಪುಶ್‌ರಾಡೆಂಬ ಕಡ್ಡಿಯನ್ನು ಎತ್ತುತ್ತದೆ, ಕಡ್ಡಿ ಮೇಲಿನ ಸನ್ನೆಯನ್ನು ಒತ್ತಿ ಬಾಗಿಲು ತೆರೆಸುತ್ತದೆ. ಮುಚ್ಚುವ ಕೆಲಸ ಸ್ಪ್ರಿಂಗಿನದು. ಇಂಜಿನ್ನು ನಿಮಿಷಕ್ಕೆ 5000 ಸುತ್ತು ಸುತ್ತಿದರೆ ಒಂದೊಂದು ಬಾಗಿಲೂ 2500 ಸಲ ತೆರೆದು ಮುಚ್ಚುತ್ತದೆ. ಅಷ್ಟು ಸಲವೂ ಆ ಪಾದ ಕ್ಯಾಮಿನ ಮೇಲೆ ಉಜ್ಜುತ್ತದೆ. ನಡುವೆ ಇರುವುದು ಎಣ್ಣೆಯ ತೆಳು ಪೊರೆ ಮಾತ್ರ. ಮೈಸೂರಿನಲ್ಲಿ 1961ರಿಂದ ತಯಾರಾದ ಜಾವಾ ಗಾಡಿಗೆ ಈ ಗೊಡವೆಯಿರಲಿಲ್ಲ. ಅದು ಟೂ ಸ್ಟ್ರೋಕು, ವಾಲ್ವೇ ಇಲ್ಲ. "ಜಾವಾ ತಗೊಂಡಿದ್ರೆ ಭಾನುವಾರ ಸುಮ್ನೆ ಮಲಗಬಹುದಿತ್ತು" ಎಂದು ಅಮ್ಮ ಅಪ್ಪನನ್ನು ಹಂಗಿಸುತ್ತಿದ್ದಳು.

ಏಕೆಂದರೆ ಭಾನುವಾರ ಬೆಳಿಗ್ಗೆ ಇಂಜಿನ್ನು ತಣ್ಣಗಿರುವಾಗ ಟ್ಯಾಪೆಟ್ಟು ಹೊಂದಿಸುವ ಕೆಲಸ. ಸಿಲಿಂಡರಿನ ಬಲಗಡೆ ಒಂದು ಸಣ್ಣ ಮುಚ್ಚಳ. ತೆಗೆದರೆ ಎರಡು ಕಡ್ಡಿಗಳ ಬುಡ ಕಾಣುತ್ತದೆ. ಕಡ್ಡಿ ಬೆರಳಿಗೆ ಸಲೀಸಾಗಿ ತಿರುಗಬೇಕು, ಆದರೆ ಮೇಲೆ ಕೆಳಗೆ ಅಲ್ಲಾಡಬಾರದು. ಬಿಗಿಯಾದರೆ ಬಾಗಿಲು ಪೂರಾ ಮುಚ್ಚುವುದಿಲ್ಲ, ಸಡಿಲವಾದರೆ ಟಕಟಕ ಸದ್ದು. ಅಪ್ಪನ ಬೆರಳು ದಪ್ಪ, ಆ ಸಂದಿಯಲ್ಲಿ ತೂರುತ್ತಿರಲಿಲ್ಲ. "ಮಗಾ, ಬಾರವ್ವ" ಎಂದು ನನ್ನನ್ನು ಕರೆಯುತ್ತಿದ್ದರು. ಅವರು ಸ್ಪ್ಯಾನರ್ ತಿರುಗಿಸುವುದು, ನಾನು ಕಡ್ಡಿ ತಿರುಗಿಸಿ "ಇನ್ನೊಂಚೂರು", "ಸಾಕು ಸಾಕು" ಎನ್ನುವುದು. ಹತ್ತು ವರ್ಷದ ಹುಡುಗಿಯ ಬೆರಳೇ ಅಳತೆಗೋಲು. ಅಣ್ಣನಿಗೆ ಗಾಡಿ ಓಡಿಸಲು ಕಲಿಸಿದರು. ನನಗೆ ಕಲಿಸಲಿಲ್ಲ. ಕೇಳಿದ್ದಕ್ಕೆ, "ಹೆಣ್ಣುಮಕ್ಕಳು ಬುಲೆಟ್ ಓಡಿಸಿದ್ರೆ ಊರೋರು ಏನಂತಾರೆ" ಎಂದರು. ಅದರ ಪ್ರಾಣ ನನ್ನ ಬೆರಳ ತುದಿಯಲ್ಲಿದೆ ಎಂಬುದು ಊರವರಿಗೆ ಗೊತ್ತಿರಲಿಲ್ಲ, ಅಷ್ಟೆ.

ಅಪ್ಪ 2004ರಲ್ಲಿ ತೀರಿಕೊಂಡರು. ಗಾಡಿ ನನ್ನ ಮನೆಯ ಹಜಾರಕ್ಕೆ ಬಂತು. 2013ರಲ್ಲಿ ಒಂದು ದಿನ ಅಣ್ಣನ ಮಗ ಬೆಂಗಳೂರಿನಿಂದ ಬಂದು, ಕಾಫಿ ಕುಡಿಯುವಷ್ಟೂ ಹೊತ್ತು ಗಾಡಿಯನ್ನೇ ನೋಡುತ್ತಾ ಕೂತು, "ಅತ್ತೆ, ಇದನ್ನ ನಂಗೆ ಕೊಡಿ. ರೋಲರ್ ಟ್ಯಾಪೆಟ್ ಹಾಕಿ ಡ್ರ್ಯಾಗ್ ರೇಸಿಗೆ ಬಿಡ್ತೀನಿ" ಎಂದ.

ಡ್ರ್ಯಾಗ್ ರೇಸು ಎಂದರೆ ನೇರ ದಾರಿಯಲ್ಲಿ ಕಾಲು ಮೈಲಿ, ಅಂದರೆ 402 ಮೀಟರು. ನಿಂತ ಜಾಗದಿಂದ ಹೊರಟು ಯಾರು ಮೊದಲು ಮುಟ್ಟುತ್ತಾರೋ ಅವರು ಗೆದ್ದಂತೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಒಣಗಿದ ಕೆರೆಯಂಗಳಗಳ ಮೇಲೂ ಬಿಟ್ಟುಹೋದ ವಿಮಾನಪಟ್ಟಿಗಳ ಮೇಲೂ ಹುಡುಗರು ಶುರುಮಾಡಿದ ಆಟ. 1951ರಲ್ಲಿ ಅಲ್ಲಿ ಇದಕ್ಕೊಂದು ಸಂಘವೂ ಆಯಿತು. ನಮ್ಮಲ್ಲೂ ಮೋಟಾರು ಪಂದ್ಯಗಳು ಬೆಳೆದದ್ದು ಮದ್ರಾಸಿನ ಹತ್ತಿರ ಶೋಲಾವರಂನಲ್ಲಿ, ಎರಡನೇ ಮಹಾಯುದ್ಧದ ಕಾಲದ ವಿಮಾನಪಟ್ಟಿಯ ಮೇಲೆ. 1990ರ ಹೊತ್ತಿಗೆ ಇರುಂಗಾಟ್ಟುಕೋಟ್ಟೈನಲ್ಲಿ ಬೇರೆ ಟ್ರ್ಯಾಕೇ ಆಯಿತು.

ನನಗೆ ಎದೆ ಧಸಕ್ಕೆಂದಿತು. ಆ ವರ್ಷವೇ ನಮ್ಮ ಬೀದಿಯ ಹುಡುಗನೊಬ್ಬ ಸಿರಾ ಹೆದ್ದಾರಿಯಲ್ಲಿ ಗೆಳೆಯರ ಜೊತೆ ಪಂದ್ಯ ಕಟ್ಟಿ ರಾತ್ರಿ ಲಾರಿಯ ಹಿಂದಕ್ಕೆ ಹೊಡೆದು ಸತ್ತಿದ್ದ. ಅವನ ತಾಯಿ ನನ್ನ ಹೊಲಿಗೆ ಕ್ಲಾಸಿಗೆ ಬರುತ್ತಿದ್ದಳು. ಅದಾದ ಮೇಲೆ ಬರಲಿಲ್ಲ. ಅದನ್ನು ಹೇಳಿದೆ. ಹುಡುಗ, "ರಸ್ತೇಲಿ ಆಡೋರು ರೇಸರ್‌ಗಳಲ್ಲ ಅತ್ತೆ. ನಾನು ಟ್ರ್ಯಾಕ್ ಮೇಲೆ ಮಾತ್ರ ಓಡಿಸೋದು. ಹೆಲ್ಮೆಟ್ಟು, ಚರ್ಮದ ಅಂಗಿ, ಪಕ್ಕದಲ್ಲಿ ಆಂಬುಲೆನ್ಸು ಎಲ್ಲಾ ಇರುತ್ತೆ" ಎಂದ. ಆಮೇಲೆ ನನ್ನ ಮನಸ್ಸು ತಿಳಿದವನಂತೆ ಒಬ್ಬ ಹೆಂಗಸಿನ ಕಥೆ ಹೇಳಿದ. ಅಮೆರಿಕದ ಶರ್ಲಿ ಮಲ್ಡೌನಿ. ಡ್ರ್ಯಾಗ್ ರೇಸಿನ ಅತಿ ವೇಗದ ತರಗತಿಯಲ್ಲಿ ಓಡಿಸಲು 1973ರಲ್ಲಿ ಲೈಸೆನ್ಸು ಪಡೆದ ಮೊದಲ ಹೆಣ್ಣು. 1977, 1980, 1982, ಮೂರು ಸಲ ಆ ತರಗತಿಯ ಚಾಂಪಿಯನ್. 1984ರಲ್ಲಿ ಭಾರಿ ಅಪಘಾತವಾಗಿ ಕಾಲುಗಳು ಜಜ್ಜಿಹೋದವು. ಎರಡು ವರ್ಷದ ಮೇಲೆ ಮತ್ತೆ ಬಂದು ಓಡಿಸಿದಳು. ಕೇಳಿ ನಾನು ಸುಮ್ಮನಾದೆ. ನನ್ನ ಭಯ ಹೋಗಲಿಲ್ಲ, ಆದರೆ ಭಯದ ಜೊತೆ ಇನ್ನೇನೋ ಸೇರಿಕೊಂಡಿತು.

ಗಾಡಿಯನ್ನು ಸಿರಾದ ಮೇಸ್ತ್ರಿ ಸಾಹೇಬರ ಹತ್ತಿರ ಒಯ್ದೆವು. ಅಪ್ಪನ ಕಾಲದಿಂದಲೂ ಕೈ ಹಾಕಿದವರು ಅವರೇ. ಇಂಜಿನ್ನಿನ ಬಲಗಡೆ ಬಿಚ್ಚಿ ಹಳೆಯ ಟ್ಯಾಪೆಟ್ಟುಗಳನ್ನು ನನ್ನ ಅಂಗೈಯಲ್ಲಿಟ್ಟರು. ಪಾದ ಸವೆದು ಚುಕ್ಕೆ ಚುಕ್ಕೆಯಾಗಿ ಗುಳಿ ಬಿದ್ದಿತ್ತು. "ನೋಡಮ್ಮ, ಡಾಕ್ಟ್ರು ಎಷ್ಟು ತಿರುಗಿದಾರೆ ಅಂತ ಇದು ಹೇಳ್ತದೆ" ಎಂದರು.

ಆಮೇಲೆ ಹುಡುಗನಿಗೆ ಪಾಠ ಶುರುವಾಯಿತು. ರೋಲರ್ ಟ್ಯಾಪೆಟ್ಟಿನ ಪಾದದಲ್ಲಿ ಒಂದು ಪುಟ್ಟ ಗಾಲಿ ಇರುತ್ತದೆ. ಉಜ್ಜುವ ಬದಲು ಉರುಳುತ್ತದೆ, ಸವೆತ ಕಡಿಮೆ. ರೇಸಿನವರಿಗೆ ಇನ್ನೊಂದು ಲಾಭ. ಚಪ್ಪಟೆ ಪಾದವಾದರೆ ಕ್ಯಾಮಿನ ಏರು ಒಂದು ಮಿತಿ ಮೀರುವಂತಿಲ್ಲ, ಮೀರಿದರೆ ಪಾದದ ಅಂಚು ಕೆರೆಯುತ್ತದೆ. ಗಾಲಿಯಾದರೆ ಕಡಿದಾದ ಏರನ್ನೂ ಹತ್ತುತ್ತದೆ. ಬಾಗಿಲು ಬೇಗ ತೆರೆದು ಹೆಚ್ಚು ಹೊತ್ತು ಅಗಲವಾಗಿ ನಿಂತರೆ ಇಂಜಿನ್ನಿಗೆ ಉಸಿರು ಹೆಚ್ಚು, ಬಲ ಹೆಚ್ಚು. "ಆದ್ರೆ ಗಾಲಿ ಒಂದೇ ಬರೋದಿಲ್ಲ ಬೇಟಾ" ಎಂದರು ಸಾಹೇಬರು. ಹಳೆಯ ಕ್ಯಾಮ್ ಗಾಲಿಗೆ ಆಗುವುದಿಲ್ಲ, ಬೇರೆ ಆಕಾರದ್ದು ಬೇಕು. ಚಪ್ಪಟೆ ಟ್ಯಾಪೆಟ್ಟು ತನ್ನ ಕಂಬದ ಸುತ್ತ ತಿರುಗಿದರೂ ಚಿಂತೆಯಿಲ್ಲ, ಗಾಲಿಯದು ಅಡ್ಡ ತಿರುಗಿದರೆ ಕ್ಯಾಮನ್ನೇ ತಿಂದುಹಾಕುತ್ತದೆ. ಹಾಗೆ ತಿರುಗದಂತೆ ಹಿಡಿಯಲು ಗೂಡನ್ನೇ ಬದಲಿಸಬೇಕು. ಗಾಲಿಯ ತೂಕ ಹೆಚ್ಚು, ಆದ್ದರಿಂದ ಸ್ಪ್ರಿಂಗು ಗಟ್ಟಿಯಾಗಬೇಕು. ಸ್ಪ್ರಿಂಗು ಗಟ್ಟಿಯಾದರೆ ಕಡ್ಡಿಯೂ ಗಟ್ಟಿಯಾಗಬೇಕು, ಅದರ ಉದ್ದವೂ ಬೇರೆ. ಎಲ್ಲಕ್ಕಿಂತ ಮುಖ್ಯವಾಗಿ, ಒಮ್ಮೆ ಗೂಡು ಕೊರೆದರೆ ಅಪ್ಪನ ಇಂಜಿನ್ನು ಮೊದಲಿನಂತಾಗುವುದಿಲ್ಲ.

ಹುಡುಗ ಹೊಸ ಬುಲೆಟ್ಟಿನ ಟ್ಯಾಪೆಟ್ಟನ್ನೇ ಕೊಂಡುತಂದಿದ್ದ. 2009ರ ಸುಮಾರಿಗೆ ಎರಕದ ಕಬ್ಬಿಣದ ಇಂಜಿನ್ನನ್ನು ಬದಲಿಸಿದ ಹೊಸ ಇಂಜಿನ್ನಿನಲ್ಲಿ ಕಂಪನಿಯೇ ಗಾಲಿ ಕೊಟ್ಟಿತ್ತು, ಅದೂ ಎಣ್ಣೆಯ ಒತ್ತಡದಿಂದ ಸಂದನ್ನು ತಾನೇ ತುಂಬಿಕೊಳ್ಳುವಂಥದ್ದು. ಭಾನುವಾರದ ಕೆಲಸವೇ ಇಲ್ಲ! ಆದರೆ ಹಳೆಯ ಗೂಡಿಗೆ ಅದು ಕೂರಲಿಲ್ಲ.

ಈ ಗಾಲಿ ಹೊಸದೇನಲ್ಲ. ಅಮೆರಿಕದ ಹಾರ್ಲೆ ಗಾಡಿಗಳಲ್ಲಿ ಬುಲೆಟ್ ಹುಟ್ಟುವ ಮೊದಲೇ ಇತ್ತು. ಅಲ್ಲಿನ ಕಾರುಗಳಿಗೆ ಬಂದದ್ದು ತಡವಾಗಿ. ಫೋರ್ಡಿನವರು ತಮ್ಮ ಮಸ್ಟಾಂಗಿಗೆ ಹಾಕಿದ್ದು 1985ರಲ್ಲಿ. ನಮ್ಮ ಸಿರಾದ ಮೇಲೆ ಹಗಲೂ ರಾತ್ರಿ ಹಾದುಹೋಗುತ್ತಿದ್ದ ಲಾರಿಗಳ ಡೀಸೆಲ್ ಪಂಪಿನೊಳಗೂ ಇಂಥ ಗಾಲಿಗಳೇ ಇದ್ದವು. ಬೆಂಗಳೂರಿನಲ್ಲಿ 1951ರಲ್ಲಿ ಶುರುವಾದ ಮೈಕೋ ಕಂಪನಿಯ ಪಂಪುಗಳವು. ಇನ್ನೂ ಹತ್ತಿರ ಹೇಳುವುದಾದರೆ, ನನ್ನ ಹೊಲಿಗೆ ಯಂತ್ರದಲ್ಲೇ ಇತ್ತು! ರಿಪೇರಿಯವನು ಬಂದಾಗ ಕೇಳಿ ನೋಡಿ. ಕಾಲಲ್ಲಿ ತುಳಿಯುವ ಹಳೆಯ ಯಂತ್ರದಲ್ಲಿ ದಾರ ಎಳೆಯುವ ಕೊಕ್ಕೆ ಮೇಲೆ ಕೆಳಗೆ ಆಡುತ್ತದಲ್ಲ, ಅದರ ಹಿಂಬದಿಯಲ್ಲಿ ಒಂದು ಪುಟ್ಟ ರೋಲರು ಕ್ಯಾಮಿನ ಗಾಡಿಯೊಳಗೆ ಓಡುತ್ತದೆ. ಮೂವತ್ತು ವರ್ಷ ಅದರ ಮುಂದೆ ಕೂತು ರವಿಕೆ ಹೊಲಿದಿದ್ದೇನೆ. ಪಾವಗಡದ ಕಡೆಯ ಅಜ್ಜಿಯೂರಿನಲ್ಲಿ ಕಪಿಲೆ ಬಾವಿಗೆ ರಾಟೆ ಇಡುತ್ತಿದ್ದದ್ದೂ ಇದಕ್ಕೇ. ಹಗ್ಗ ಕಲ್ಲಿಗೆ ಉಜ್ಜಿದರೆ ಹಗ್ಗಕ್ಕೂ ಆಯಸ್ಸಿಲ್ಲ, ಎತ್ತಿಗೂ ಆಯಸ್ಸಿಲ್ಲ.

ಕೊನೆಗೆ ನಾನೇ ಒಂದು ತೀರ್ಮಾನ ಹೇಳಿದೆ. ಅಪ್ಪನ ಇಂಜಿನ್ನು ಕೊರೆಯುವುದು ಬೇಡ. ಅದಕ್ಕೆ ಹೊಸ ಚಪ್ಪಟೆ ಟ್ಯಾಪೆಟ್ಟೇ ಹಾಕಿ ಅದರ ಪಾಡಿಗೆ ಅದು ಇರಲಿ. ಹುಡುಗ ಗುಜರಿಯಿಂದ ಬೇರೆ ಇಂಜಿನ್ನು ತಂದು ಅದಕ್ಕೆ ಗಾಲಿ ಹಾಕಿಕೊಳ್ಳಲಿ, ದುಡ್ಡು ನಾನು ಕೊಡುತ್ತೇನೆ. ರಸ್ತೆಯಲ್ಲಿ ಒಂದು ಸಲ ಪಂದ್ಯ ಕಟ್ಟಿದ ಸುದ್ದಿ ಬಂದರೂ ನನ್ನ ಮನೆ ಹೊಸಿಲು ತುಳಿಯಬಾರದು. ಅವನು ಒಪ್ಪಿದ. ಬೆಂಗಳೂರಿನ ಲೇತಿನಲ್ಲಿ ಗೂಡು, ಕ್ಯಾಮು ಎಲ್ಲ ಮಾಡಿಸಲು ಒಂದು ವರ್ಷದ ಮೇಲಾಯಿತು.

ಇಂಜಿನ್ನು ಜೋಡಿಸಿದ ದಿನ ಅದನ್ನು ನನ್ನ ಮನೆಗೇ ತಂದ. ಇದರ ಟ್ಯಾಪೆಟ್ಟು ಎಣ್ಣೆಯಿಂದ ತಾನೇ ಹೊಂದಿಕೊಳ್ಳುವಂಥದ್ದಲ್ಲ, ಕೈಯಲ್ಲೇ ಹೊಂದಿಸಬೇಕು. ಮುಚ್ಚಳ ತೆಗೆದು, "ಅತ್ತೆ, ನನ್ನ ಬೆರಳು ಹೋಗ್ತಿಲ್ಲ" ಎಂದ. ಸುಳ್ಳೋ ನಿಜವೋ ನಾನು ಕೇಳಲಿಲ್ಲ. ಕನ್ನಡಕ ಹಾಕಿಕೊಂಡು ಕೂತೆ. ಅವನು ಸ್ಪ್ಯಾನರ್ ತಿರುಗಿಸಿದ, ನಾನು ಕಡ್ಡಿ ತಿರುಗಿಸಿದೆ. ಬೆರಳ ಗಂಟುಗಳು ಬಾತಿದ್ದವು, ಆದರೆ ಅಳತೆ ಮರೆತಿರಲಿಲ್ಲ. "ಇನ್ನೊಂಚೂರು" ಎಂದೆ. "ಸಾಕು ಸಾಕು" ಎಂದೆ.

ಇರುಂಗಾಟ್ಟುಕೋಟ್ಟೈನಲ್ಲಿ ಅವನಿಗೆ ಬಹುಮಾನ ಬರಲಿಲ್ಲ. ಓಟ ಮುಗಿದ ಕೂಡಲೇ ಫೋನು ಮಾಡಿ, "ಟ್ಯಾಪೆಟ್ ಸದ್ದೇ ಇರ್ಲಿಲ್ಲ ಅತ್ತೆ" ಎಂದ. ಅಪ್ಪನ ಗಾಡಿ ಈಗಲೂ ಹಜಾರದಲ್ಲಿದೆ. ಅಟ್ಟದ ಡಬ್ಬಿಯ ವಿಷಯ ಸೊಸೆಗೆ ಎಲ್ಲ ಹೇಳಿದ ಮೇಲೆ, ಅವಳು ಆ ಉಕ್ಕಿನ ಪಾದಗಳನ್ನು ತಾನೇ ಬಟ್ಟೆಯಲ್ಲಿ ಸುತ್ತಿ, ಹೊಸದಾಗಿ ಎರಡು ತೊಟ್ಟು ಎಣ್ಣೆ ಹಾಕಿ, ಜೋಪಾನವಾಗಿ ಮೇಲಿಟ್ಟಳು.